ನಾಲ್ಕು ನಿಮಿಷದ ಶೇವಂತಾ

“ನಾಕ ನಿಮಿಷದಾಕಿ ಬಂದ್ಲು ನೋಡ್ರೆವಾ. ದಾರಿ ಬಿಡ್ರಿ. ಬಾಯಾರಿಗೆ ಭಾಳ ಅವಸರ ಇರತೈತಿ.”

“ಸುಂದ್ರಕ್ಕಾ, ಬಾಯಿ ಹಿಡದ ಮಾತಾಡ.”

“ಇನ್ನೇನ ಹಿಡೀತಿ? ಇನ್ನೂರಾ ಹತ್ತ ಮಂದಿ ಬಾಯಾಗ ಮಣ್ಣ ಹಾಕಿದಿ. ನಿನ್ನ ಕೈ ಸೇದಿ ಹೋಗ್ಲಿ.”

“ಹೋದ ಮಳಿಗಾಲದಾಗ ನೀ ಜ್ವರಾ ಬಂದ ಮಲಗಿದಾಗ ನಿನ್ನ ಪಾಲಿನ ಬೀಡಿ ಸುತ್ತಿದ್ದು ಇದ ಕೈ. ಮರತಿ?”

“ಮರತಿಲ್ಲ. ಅದ ಕೈಲೆ ಈಗ ನನ್ನ ಕೊಳ್ಳ ಹಿಚಕಿದಿ.”

ಡಿಪೋದ ಮುಂದೆ ಸಾಲು ನಿಂತಿತ್ತು. ಎಲ್ಲರ ಕಂಕುಳಲ್ಲಿ ಬೀಡಿಯ ಗಂಟು. ಯಾರೂ ಸುಂದ್ರವ್ವನನ್ನು ತಡೆಯಲಿಲ್ಲ. ಗಂಗಾ ಎಂಬ ಮುದುಕಿ ನನ್ನ ಕಾಲ ಹತ್ತಿರ ಉಗುಳಿದಳು. ತಂಬಾಕಿನ ಉಗುಳು, ಕಂದು ಬಣ್ಣ. ಕಿಟಕಿಯ ಒಳಗೆ ಬೀಡಿ ಎಣಿಸಿಕೊಳ್ಳುತ್ತಿದ್ದ ಮುಕಾದಮ ಸಂಭಾಜಿ ಕೂಗಿದ.

“ಜಗಳಾ ಆಚೆ ಮಾಡ್ರಿ. ಇಲ್ಲಿ ಬರದದ್ದು ಓದ್ರಿ.”

ಕಿಟಕಿಯ ಮೇಲೆ ಕಾಗದ ಅಂಟಿಸಿದ್ದರು. ತಿಂಗಳ ಕೊನೆಯೊಳಗೆ ಆನ್‌ಲೈನ್ ಪರೀಕ್ಷೆ ಪಾಸಾಗದವರ ಬೀಡಿ ಕಾರ್ಡು ರದ್ದು. ಒಂದನೇ ತಾರೀಖಿನಿಂದ ಅವರಿಗೆ ಎಲೆ ಇಲ್ಲ, ತಂಬಾಕು ಇಲ್ಲ. ಅವತ್ತು ಹತ್ತೊಂಬತ್ತನೇ ತಾರೀಖು.

ಕಾರ್ಡು ಹೋಯಿತೆಂದರೆ ನಿಪ್ಪಾಣಿಯ ನಮ್ಮ ಓಣಿಯಲ್ಲಿ ಹೆಂಗಸಿಗೆ ಕೈ ಇದ್ದೂ ಇಲ್ಲದ ಹಾಗೆ.

ಸುಂದ್ರವ್ವ ಹೇಳಿದ್ದು ಸುಳ್ಳಲ್ಲ. ಮಾಡಿದವಳು ನಾನೇ. ಹೇಗೆ ಮಾಡಿದೆ ಎಂಬುದನ್ನು ಹೇಳುತ್ತೇನೆ.

ನನ್ನದು ಕೊಗನೊಳ್ಳಿ. ಅಲ್ಲಿಯ ಕನ್ನಡ ಶಾಲೆಯಲ್ಲಿ ಏಳನೇ ಇಯತ್ತೆಯವರೆಗೆ ಓದಿದೆ. ಹನ್ನೆರಡು ತುಂಬುವ ಮೊದಲೇ ಅವ್ವ ತೊಡೆಯ ಮೇಲೆ ಮೊರ ಇಟ್ಟಳು. ಈಗ ನಲವತ್ತಾರು. ಎಲೆ ನೆನೆಸು, ಕತ್ತರಿಸು, ತಂಬಾಕು ಹಾಕು, ಸುತ್ತು, ಬಾಯಿ ಮಡಚು, ದಾರ ಕಟ್ಟು. ನಿಮಿಷಕ್ಕೆ ಎರಡು. ಇಡೀ ಓಣಿಯಲ್ಲಿ ನನ್ನಷ್ಟು ಬೇಗ ಸುತ್ತುವವಳು ಇನ್ನೊಬ್ಬಳಿಲ್ಲ. ಇದು ಜಂಬವಲ್ಲ. ಎಷ್ಟು ಬೀಡಿಯೋ ಅಷ್ಟೇ ಕೂಲಿ. ನಿಧಾನ ಎಂಬುದನ್ನು ನನಗೆ ಯಾರೂ ಕಲಿಸಲಿಲ್ಲ. ಯಾರಾದರೂ ಏನಾದರೂ ಕೈಗೆ ಕೊಟ್ಟರೆ ಕೈ ಮೊದಲು ಮುಗಿಸುತ್ತದೆ. ಅದೇನು ಎಂದು ತಲೆ ಆಮೇಲೆ ಕೇಳುತ್ತದೆ. ಮಗಳ ಲಗ್ನದಲ್ಲಿ ಅಕ್ಷತೆಯನ್ನೂ ಎಲ್ಲರಿಗಿಂತ ಮೊದಲು ಹಾಕಿ ಮುಗಿಸಿ ಕೂತಿದ್ದೆ. ಬೀಗರು ನಕ್ಕರು.

ಎರಡು ಸಾವಿರದ ಹದಿನೇಳರ ಬೇಸಿಗೆಯಲ್ಲಿ ಒಂದು ಸಂಸ್ಥೆ ನಿಪ್ಪಾಣಿಗೆ ಬಂತು. ಹೆದ್ದಾರಿಯ ಹತ್ತಿರ ಟಯರ್ ಅಂಗಡಿಯ ಮೇಲೆ ಎರಡು ಕೋಣೆ ಬಾಡಿಗೆ ಹಿಡಿಯಿತು. ಬೀಡಿ ಸುತ್ತುವವರಿಗೆ ಕೌಶಲದ ಪ್ರಮಾಣಪತ್ರ ಕೊಡುತ್ತೇವೆ ಎಂದಿತು. ಮೂವತ್ತು ವರ್ಷ ಸುತ್ತಿದವರಿಗೆ ಸುತ್ತಲು ಬರುತ್ತದೋ ಇಲ್ಲವೋ ಎಂದು ಪರೀಕ್ಷೆ. ಅದೂ ಕಂಪ್ಯೂಟರಿನಲ್ಲಿ. ಪರೀಕ್ಷೆಯ ಕೋಣೆಯ ಬಾಗಿಲಿಗೆ ಬೋರ್ಡು ಹಾಕಿದ್ದರು: ಒಳಗೆ ಬೀಡಿ, ಎಲೆ, ತಂಬಾಕು ತರಬಾರದು.

ತರಬೇತಿ ನಲವತ್ತು ತಾಸು ಎಂದು ಕಾಗದದಲ್ಲಿತ್ತು. ನಮಗೆ ಆದದ್ದು ಒಂದು ಮಧ್ಯಾಹ್ನ. ಹಳದಿ ಟೊಪ್ಪಿಗೆ ಕೊಟ್ಟರು. ಟೊಪ್ಪಿಗೆ ಹಾಕಿಸಿ ಫೋಟೋ ಹೊಡೆದರು. ಟೊಪ್ಪಿಗೆ ವಾಪಸ್ ಇಸಿದುಕೊಂಡರು. ಮುಂದಿನ ಓಣಿಯವರಿಗೂ ಅವೇ ಟೊಪ್ಪಿಗೆ.

ಕೇಂದ್ರದ ಮ್ಯಾನೇಜರ್ ಅಪ್ಪಾಸಾಬ ಸರ್. ಬಿಳಿ ಶರ್ಟು, ಕೊರಳಲ್ಲಿ ದಾರ, ದಾರದ ತುದಿಗೆ ಅವನದೇ ಫೋಟೋ. ಕಂಪ್ಯೂಟರ್ ನೋಡಿಕೊಳ್ಳುವವಳು ಸ್ನೇಹಲ, ಸದಲಗಾದಿಂದ ದಿನವೂ ಬಸ್ಸಿಗೆ ಬರುವ ಎರಡು ಮಕ್ಕಳ ತಾಯಿ. ಒಂದು ಬೆಳಿಗ್ಗೆ ಅಪ್ಪಾಸಾಬ ನಮ್ಮ ಓಣಿಗೆ ಬಂದು, ಎಲ್ಲರಿಗಿಂತ ಚಲೋ ಸುತ್ತುವವರು ಯಾರು ಎಂದು ಕೇಳಿದ. ಎಲ್ಲರೂ ನನ್ನನ್ನು ತೋರಿಸಿದರು. ಸುಂದ್ರವ್ವನೇ ಮೊದಲು ತೋರಿಸಿದಳು.

“ಶೇವಂತಾಬಾಯಿ, ನೀವು ಇವತ್ತಿಂದ ನಿಪುಣ ಕಾರ್ಮಿಕೆ. ಒಂದ ಟ್ರಯಲ್ ಕೊಡ್ರಿ. ಮಾರ್ಕ್ಸ್ ಇರೂದಿಲ್ಲ. ಸುಮ್ನ ಒತ್ತಕೋತ ಹೋಗೂದು.”

ಹೋದೆ. ಮೊದಲು ಹೆಬ್ಬಟ್ಟು ಬೇಕೆಂದರು. ಸಣ್ಣ ಗಾಜಿನ ಯಂತ್ರ. ಒತ್ತಿದೆ. ಮತ್ತೆ ಪ್ರಯತ್ನಿಸಿ ಎಂದಿತು. ಹದಿಮೂರು ಸಲ ಒತ್ತಿದೆ. ನಮ್ಮ ಬೆರಳಿನಲ್ಲಿ ಗೆರೆ ಉಳಿದಿಲ್ಲ. ಎಲೆ ತಿಂದಿದೆ, ದಾರ ತಿಂದಿದೆ. ಸ್ನೇಹಲ ಬಿಸಿ ನೀರು ತಂದಳು. ಬೆರಳು ನೆನೆಸಿ, ಒರೆಸಿ, ಸಣ್ಣ ಡಬ್ಬಿಯಿಂದ ವ್ಯಾಸಲೀನ್ ಹಚ್ಚಿ ಉಜ್ಜಿದಳು. ಅರ್ಧ ತಾಸಿನ ಮೇಲೆ ಯಂತ್ರ ನನ್ನನ್ನು ಒಪ್ಪಿತು. ಗಡಿಯಾರ ಶುರುವಾದದ್ದು ಆಮೇಲೆ.

ಇಪ್ಪತ್ತು ಪ್ರಶ್ನೆ. ಒಂದೊಂದರ ಕೆಳಗೆ ನಾಲ್ಕು ಉತ್ತರ. ಒಂದನ್ನು ಒತ್ತಿದರೆ ಮುಂದಿನದು ಬರುತ್ತದೆ. ಇಲಿಯ ಹಾಗಿದ್ದ ಆ ವಸ್ತುವನ್ನು ಹಿಡಿಯುವುದು ಎರಡು ಪ್ರಶ್ನೆಯಲ್ಲಿ ಕೈಗೆ ಹತ್ತಿತು. ಆಮೇಲೆ ಕೈ ಕೇಳಲಿಲ್ಲ. ಒಂದು ಮುಗಿಯಿತು, ಇನ್ನೊಂದು ಬಂತು. ಎಲೆ ಬಂದ ಹಾಗೆ. ಟಕ್ ಟಕ್. ಇಪ್ಪತ್ತೂ ಮುಗಿದವು. ಕೊನೆಗೆ ‘ಮುಗಿಸು’ ಎಂದಿತ್ತು. ಅದಕ್ಕೂ ಹೆಬ್ಬಟ್ಟು. ಒತ್ತಿದೆ.

“ನಾಲ್ಕ ನಿಮಿಷ,” ಎಂದ ಅಪ್ಪಾಸಾಬ. ಚಪ್ಪಾಳೆ ತಟ್ಟಿದ. ಜೊತೆಗಿದ್ದ ಇಬ್ಬರು ಸಾಹೇಬರೂ ತಟ್ಟಿದರು. ನಾನು ನಕ್ಕೆ. ನನಗೆ ಯಾರೂ ಯಾವತ್ತೂ ಚಪ್ಪಾಳೆ ತಟ್ಟಿರಲಿಲ್ಲ. ಒಂದು ಹಾರ ತರಿಸಿದ್ದರು. ಕೊರಳಿಗೆ ಹಾಕಲಿಲ್ಲ, ಕೈಗೆ ಕೊಟ್ಟರು. ನಮ್ಮ ಓಣಿಯವರಿಗೆ ಹಾರ ಕೈಗೇ ಬರುತ್ತದೆ. ಅವತ್ತು ಅದೂ ನನಗೆ ತಿಳಿಯಲಿಲ್ಲ. ಹಾರ ಹಿಡಿದುಕೊಂಡು ಬೀದಿಯುದ್ದಕ್ಕೂ ನಡೆದು ಬಂದೆ. ಮೂರು ದಿನದಲ್ಲಿ ಟಯರ್ ಅಂಗಡಿಯ ಮೇಲೆ ಫ್ಲೆಕ್ಸ್ ಬಂತು. ನನ್ನ ಮುಖ, ತಲೆಯ ಮೇಲೆ ಹಳದಿ ಟೊಪ್ಪಿಗೆ, ಕೆಳಗೆ ದೊಡ್ಡ ಅಕ್ಷರ: ನಾಲ್ಕು ನಿಮಿಷದ ಶೇವಂತಾ.

ಟ್ರಯಲ್ ಯಾಕೆ ಎಂದು ಯಾರೂ ನನಗೆ ಹೇಳಿರಲಿಲ್ಲ. ನಿಪುಣ ಕಾರ್ಮಿಕೆ ಎಷ್ಟು ಹೊತ್ತಿನಲ್ಲಿ ಮುಗಿಸುತ್ತಾಳೋ ಅದೇ ಎಲ್ಲರಿಗೂ ಸಮಯ. ಕಂಪ್ಯೂಟರಿನಲ್ಲಿ ಒಂದು ಚೌಕ ಇದೆ. ಪಕ್ಕದಲ್ಲಿ ‘ನಿಮಿಷ’ ಎಂದು ಬರೆದಿದೆ. ನಾನು ಹೆಬ್ಬಟ್ಟು ಒತ್ತಿದ ಕೂಡಲೇ ಆ ಚೌಕದಲ್ಲಿ ನಾಲ್ಕು ಎಂಬ ಅಂಕಿ ಬಂದು ಕೂತಿತ್ತು.

ಪರೀಕ್ಷೆಯ ದಿನ ಬಂದೆವು, ಇನ್ನೂರಾ ಹನ್ನೆರಡು ಹೆಂಗಸರು, ಪಾಳಿಯ ಮೇಲೆ ಒಳಗೆ. ಅವತ್ತು ಗಡಿಯಾರ ಮೊದಲು, ಹೆಬ್ಬಟ್ಟು ಆಮೇಲೆ. ಹೆಸರು ಬಂದ ಕೂಡಲೇ ಮೂಲೆಯಲ್ಲಿ ಅಂಕಿ ಇಳಿಯತೊಡಗುತ್ತದೆ. ಹೆಬ್ಬಟ್ಟು ಒತ್ತು. ಮತ್ತೆ ಪ್ರಯತ್ನಿಸಿ. ಒತ್ತು. ಮತ್ತೆ ಪ್ರಯತ್ನಿಸಿ. ಹೆಬ್ಬಟ್ಟು ಹತ್ತುವುದರೊಳಗೆ ಅರ್ಧ ಜನರ ಪರೀಕ್ಷೆ ಮುಗಿದಿತ್ತು. ಉಳಿದವರು ಮೊದಲ ಪ್ರಶ್ನೆಯ ಅಕ್ಷರ ಕೂಡಿಸುವಾಗ ಮುಗಿಯಿತು. ಮರಾಠಿಯ ಹೆಂಗಸರಿಗೆ ಆ ಕನ್ನಡ ಅಕ್ಷರವೂ ಬರುವುದಿಲ್ಲ.

ನಿಪುಣ ಕಾರ್ಮಿಕೆಯೂ ಕೂತಳು. ಹೆಬ್ಬಟ್ಟು ಅವತ್ತು ಹೇಗೋ ಎರಡನೇ ಸಲಕ್ಕೆ ಹತ್ತಿತು. ಈ ಸಲ ಮಾರ್ಕ್ಸ್ ಇದೆ ಎಂದು ಓದಿ ಒತ್ತಲು ಹೋದೆ. ಬೆಂಕಿ ಹತ್ತಿದರೆ ಕಾರ್ಖಾನೆಯ ಯಾವ ಬಾಗಿಲಿನಿಂದ ಹೊರಗೆ ಹೋಗಬೇಕು ಎಂದು ಒಂದು ಪ್ರಶ್ನೆ. ನಾನು ಸುತ್ತುವುದು ಮನೆಯಲ್ಲಿ. ಮನೆಗೆ ಇರುವುದು ಒಂದೇ ಬಾಗಿಲು. ಅದರಲ್ಲಿ ಆಡು ಕಟ್ಟಿರುತ್ತೇನೆ. ಯಾವುದನ್ನು ಒತ್ತಬೇಕು? ತಂಬಾಕಿನ ಧೂಳು ಮೂಗಿಗೆ ಹೋಗದಂತೆ ಏನು ಧರಿಸಬೇಕು ಎಂದು ಇನ್ನೊಂದು. ಅದನ್ನು ಕೊಡುವವರು ಯಾರು ಎಂಬುದು ನಾಲ್ಕು ಉತ್ತರದಲ್ಲೂ ಇರಲಿಲ್ಲ. ಅಷ್ಟರಲ್ಲಿ ಪರದೆ ಕೆಂಪಾಯಿತು. ಸಮಯ ಮುಗಿದಿದೆ.

ಇನ್ನೂರಾ ಹನ್ನೊಂದು ಮಂದಿ ಫೇಲು. ಒಬ್ಬಳು ಪಾಸು. ಸುಗಂಧಾ. ಅವಳಿಗೆ ನಾಲ್ಕು ವರ್ಷದಿಂದ ಕಣ್ಣು ಕಾಣುವುದಿಲ್ಲ. ಬೆರಳಿನ ಲೆಕ್ಕದ ಮೇಲೆ ಬೀಡಿ ಸುತ್ತುತ್ತಾಳೆ. ಅವಳ ಹೆಬ್ಬಟ್ಟು ಮೊದಲ ಸಲಕ್ಕೇ ಹತ್ತಿತು. ಸ್ನೇಹಲ ಅವಳ ಕೈಯನ್ನು ಇಲಿಯ ಮೇಲೆ ಇಟ್ಟಳು. ಅವಳು ಒಂದೇ ಜಾಗದಲ್ಲಿ ಇಪ್ಪತ್ತು ಸಲ ಒತ್ತಿ, ಆತೇನ ಬಾಯಿ ಎಂದು ಕೇಳಿದಳು. ಓದಲು ಹೋದವರೆಲ್ಲ ಫೇಲು. ಕಣ್ಣಿಲ್ಲದವಳು ಪಾಸು.

ಈ ಕಾರಣಕ್ಕೆ ಡಿಪೋದ ಮುಂದೆ ನನ್ನ ಕಾಲ ಹತ್ತಿರ ಉಗುಳು ಬಿತ್ತು.

ಅವತ್ತು ನಾನು ಮನೆಗೆ ಹೋಗಲಿಲ್ಲ. ಕೇಂದ್ರಕ್ಕೆ ನಡೆದೆ. ಸುಂದ್ರವ್ವ ಹಿಂದೆಯೇ ಬಂದಳು.

“ನೀ ಯಾಕ ಬರಾಕತ್ತಿ?”

“ಮತ್ತೊಂದ ಹಾರಾ ಇಸ್ಕೊಂಡ ಬಂದಿ ಅಂದ್ರ? ನೋಡಾಕ ಬೇಕಲ್ಲ.”

ಅಪ್ಪಾಸಾಬ ಡಬ್ಬಿ ಬಿಚ್ಚಿ ಉಣ್ಣುತ್ತಿದ್ದ. ಕೂರಿ ಎನ್ನಲಿಲ್ಲ. ನಿಂತೇ ಕೇಳಿದೆ.

“ಸರ್, ಆ ನಾಕ ತಗೀರಿ. ನಲವತ್ತ ಹಾಕ್ರಿ.”

“ನಾ ಹಾಕಿದ್ದಲ್ರಿ ಅದು. ನೀವ ಹಾಕೀರಿ.”

“ನೀವು ಸುಮ್ನ ಒತ್ರಿ ಅಂದ್ರಿ. ಒತ್ತಿದ್ನಿ.”

“ಇಷ್ಟ ಜಲ್ದಿ ಒತ್ರಿ ಅಂದಿದ್ನ್ಯಾ? ನಿಮಗ ಸಮಾಧಾನ ಇಲ್ಲ, ನನಗ ಬೈತೀರಿ. ನಾ ಕೈಲೆ ಅಂಕಿ ಬದಲಿಸಿದ್ರ ನನ್ನ ನೌಕರಿ ಹೋಗತೈತಿ. ಕಂಪ್ಯೂಟರ್ ಎಲ್ಲಾ ಬರದ ಇಟಗೋತೈತಿ.”

“ಮತ್ತ ಹೆಂಗ?”

ಅವನು ರೊಟ್ಟಿ ಅಗಿದ. ಅವನಿಗೂ ಬಿಸಿ ಮುಟ್ಟಿತ್ತು. ನೂರಕ್ಕೆ ಎಂಬತ್ತು ಮಂದಿ ಪಾಸಾಗಬೇಕು ಎಂದು ಮೇಲಿನವರ ಹುಕುಂ. ಇವನ ಹತ್ತಿರ ಇದ್ದದ್ದು ಒಬ್ಬಳೇ ಸುಗಂಧಾ.

“ಒಂದ ಹಾದಿ ಐತಿ. ನೀವ ಮತ್ತೊಂದ ಟ್ರಯಲ್ ಕೊಡಬೇಕು. ಆದ್ರ ನಿಪುಣ ಕಾರ್ಮಿಕಿ ವೇಗ ಕಡಿಮಿ ಆತಂದ್ರ ಕಾರಣ ಬೇಕ್ರಿ. ಡಾಕ್ಟರ್ ಸರ್ಟಿಫಿಕೇಟ್ ತರ್ರಿ.”

“ಏನಂತ ಬರಸ್ಲಿ?”

“ನಿಧಾನ ಆಗ್ಯಾರ ಅಂತ.”

ಸುಂದ್ರವ್ವ ಬಾಗಿಲಲ್ಲಿ ನಿಂತು ನಕ್ಕಳು. ಬೆಳಗಿನಿಂದ ಬೈದ ಬಾಯಿ ಅದೇ.

“ಮತ್ತ ನೋಡ್ರಿ,” ಎಂದ ಅಪ್ಪಾಸಾಬ, “ಭಾಳ ನಿಧಾನ ಮಾಡಬ್ಯಾಡ್ರಿ. ನಾಕ ಇದ್ದದ್ದು ನಲವತ್ತ ಹೆಂಗಾತು ಅಂತ ಕೇಳ್ತಾರ. ಆರ ಮಾಡ್ರಿ. ಆರೂವರಿ.”

“ಕಾಯಿಪಲ್ಯ ಕೊಂಡಂಗ ಮಾತಾಡಾಕತ್ತೀರಿ.”

“ಏಳ. ಅದರ ಮ್ಯಾಲ ಆಗೂದಿಲ್ಲ.”

ಡಾಕ್ಟರ ಹತ್ತಿರ ಹೋದೆ. ಏನಾಗ್ಯದ ಎಂದು ಕೇಳಿದರು. ಏನೂ ಆಗಿಲ್ಲ, ನಿಧಾನ ಆಗೇನಿ ಅಂತ ಬರದ ಕೊಡ್ರಿ ಎಂದೆ. ಅವರು ನನ್ನ ಕೈ ಹಿಡಿದು ಬೆರಳು ಒಂದೊಂದಾಗಿ ಮಡಚಿದರು. ಬಲಗೈಯ ಎರಡು ಬೆರಳು ಮಡಚಲಿಲ್ಲ. ಎಷ್ಟು ವರ್ಷದಿಂದ ಹೀಗೆ ಎಂದರು. ನೆನಪಿಲ್ಲ ಎಂದೆ. ಗಂಟುಗಳು ಸವೆದಿವೆ, ಕೆಲಸ ನಿಲ್ಲಿಸಬೇಕು ಎಂದು ಬರೆದರು. ನನ್ನ ಬೆರಳು ನೋಯುತ್ತದೆ ಎಂದು ಮೂವತ್ತನಾಲ್ಕು ವರ್ಷದಲ್ಲಿ ಮೊದಲ ಸಲ ಕಾಗದದ ಮೇಲೆ ಬಂತು. ಅದೂ ಕಂಪ್ಯೂಟರಿಗೆ ತೋರಿಸುವುದಕ್ಕೆ. ಅಪ್ಪಾಸಾಬ ಓದಿ, ಚಲೋ ಐತಿ ಎಂದು ಫೈಲಿಗೆ ಹಾಕಿದ. ನನ್ನ ಬೆರಳ ಕಡೆ ನೋಡಲಿಲ್ಲ.

ಟ್ರಯಲ್ ಮೂವತ್ತನೇ ತಾರೀಖಿಗೆ ನಿಗದಿಯಾಯಿತು. ಅದೇ ಕೊನೆಯ ದಿನ. ಹತ್ತು ಗಂಟೆಗೆ ನನ್ನ ಟ್ರಯಲ್, ಹನ್ನೊಂದಕ್ಕೆ ಎಲ್ಲರ ಮರುಪರೀಕ್ಷೆ.

ಮುಂಜಾನೆ ಮೆಟ್ಟಿಲ ಮೇಲೆ ಸ್ನೇಹಲ ಸಿಕ್ಕಳು. ನೀರಿನ ಬಾಟ್ಲಿ ಕೊಡುವ ನೆಪದಲ್ಲಿ ಹತ್ತಿರ ಬಂದಳು.

“ಮಾವಶಿ, ಒಂದ ಮಾತ. ನೀವು ಟ್ರಯಲ್ ಚಾಲೂ ಮಾಡಿದ ಕೂಡ್ಲೆ ಆ ನಾಕ ಅಳಿಸಿ ಹೋಗತೈತಿ. ನೀವು ಮುಗಸೂತನಾ ಚೌಕ ಖಾಲಿ.”

“ಖಾಲಿ ಇದ್ರ?”

“ಖಾಲಿ ಇದ್ರ ಗಡಿಯಾರ ಇಲ್ಲ. ಹನ್ನೊಂದಕ್ಕ ಪರೀಕ್ಷೆ ತಾನ ತೆರೀತೈತಿ. ಯಾರೂ ತಡ್ಯಾಕ ಬರೂದಿಲ್ಲ. ಖಾಲಿ ಚೌಕದ ಮ್ಯಾಲ ಕುಂತವ್ರು ಎಷ್ಟ ಹೊತ್ತರ ಕುಂದರಬಹುದು.”

“ನಿನ್ನ ನೌಕರಿ?”

“ನಾ ಏನೂ ಹೇಳೇ ಇಲ್ಲ. ನಮ್ಮವ್ವನೂ ಬೀಡಿ ಸುತ್ತಿ ಸುತ್ತಿ ಸತ್ತಾಕಿ. ಆಕಿ ಹೆಬ್ಬಟ್ಟೂ ಎಲ್ಲೂ ಹತ್ತತಿರಲಿಲ್ಲ.”

ಬಿಸಿ ನೀರು, ವ್ಯಾಸಲೀನ್, ಅರ್ಧ ತಾಸು. ಯಂತ್ರ ನನ್ನನ್ನು ಒಪ್ಪಿತು. ಪರದೆಯ ಮೂಲೆಯಲ್ಲಿ ಅಂಕಿ ಈ ಸಲ ಏರತೊಡಗಿತು. ಅಪ್ಪಾಸಾಬ ಹಿಂದೆ ಕುರ್ಚಿ ಹಾಕಿಕೊಂಡು ಕೂತ.

ಮೊದಲ ಪ್ರಶ್ನೆ ಬಂತು. ಕೈ ಎದ್ದಿತು. ಹಿಡಿದುಕೊಂಡೆ. ಮತ್ತೆ ಎದ್ದಿತು. ಮೂವತ್ತನಾಲ್ಕು ವರ್ಷ ಯಾರ್ಯಾರೋ ಅಟ್ಟಿದ ಕೈ ಅದು. ಮುಕಾದಮ ಅಟ್ಟಿದ್ದ, ಹಸಿವು ಅಟ್ಟಿತ್ತು, ಮಗು ಮೊಲೆ ಬಿಟ್ಟು ಅತ್ತಾಗಲೂ ನಿಂತ ಕೈಯಲ್ಲ. ಈಗ ನಿಲ್ಲು ಎಂದರೆ ಕೇಳಲಿಲ್ಲ. ಎರಡೂ ಅಂಗೈಯನ್ನು ತೊಡೆಯ ಕೆಳಗೆ ಹಾಕಿ ಅದರ ಮೇಲೆ ಕೂತೆ. ಬೆವರು ಬಂತು. ಬೀಡಿ ಸುತ್ತುವಾಗ ಇಷ್ಟು ದಣಿದಿರಲಿಲ್ಲ.

“ಒತ್ರಿ,” ಎಂದ ಅಪ್ಪಾಸಾಬ.

“ಓದಾಕತ್ತೇನ್ರಿ.”

ಓದಿದೆ. ಒಂದೊಂದು ಅಕ್ಷರ. ಕೊಗನೊಳ್ಳಿಯ ಶಾಲೆಯಲ್ಲಿ ಓದಿದ ಹಾಗೆ ಗಟ್ಟಿಯಾಗಿ. ಹತ್ತೂ ಏಳಕ್ಕೆ ಮೂರನೇ ಪ್ರಶ್ನೆ. ಅವನು ಗಡಿಯಾರ ನೋಡಿದ. ಹತ್ತೂ ಇಪ್ಪತ್ತಕ್ಕೆ ಎಂಟನೇ ಪ್ರಶ್ನೆ. ಅವನು ಎದ್ದು ನಿಂತ. ಹತ್ತೂ ಐವತ್ತಕ್ಕೆ ಇಪ್ಪತ್ತೂ ಆದವು. ‘ಮುಗಿಸು’ ಬಂತು.

“ಆತು. ಹೆಬ್ಬಟ್ಟ ಒತ್ರಿ. ಐವತ್ತ ನಿಮಿಷ. ನನ್ನ ತಲೀ ಮ್ಯಾಲ ಕಲ್ಲ ಹಾಕಿದ್ರಿ. ಆದ್ರೂ ಒತ್ರಿ.”

ಐವತ್ತು ನಿಮಿಷ. ನಾನು ಕೇಳಿದ್ದು ನಲವತ್ತು. ಒತ್ತಿಬಿಡಬೇಕೆನಿಸಿತು. ಗೆದ್ದೆ ಎನಿಸಿತು. ಆಗ ಗಂಗಾ ಮುದುಕಿ ನೆನಪಾದಳು. ಅವಳಿಗೆ ಹೆಬ್ಬಟ್ಟೇ ಐವತ್ತು ನಿಮಿಷ. ಅಕ್ಷರ ಬಾರದ ಹೆಂಗಸರಿಗೆ ಪಕ್ಕದವಳು ಕಿವಿಯಲ್ಲಿ ಓದಿ ಹೇಳಬೇಕು. ನನಗೆ ಸಾಕಾದದ್ದು ಅವರಿಗೆ ಯಾಕೆ ಸಾಕಾಗಬೇಕು? ಒಮ್ಮೆ ನನ್ನ ಕೈಯಿಂದ ಅವರ ಅಳತೆ ತೆಗೆದಾಗಿದೆ. ಅದಕ್ಕೆ ಬಿದ್ದ ಉಗುಳು ಇನ್ನೂ ನನ್ನ ಕಣ್ಣಿಗೆ ಕಾಣುತ್ತದೆ.

“ಒತ್ತೂದಿಲ್ಲ,” ಎಂದೆ.

“ಏನಂದ್ರಿ?”

“ಒತ್ತೂದಿಲ್ಲ. ನಾ ಇನ್ನೂ ಮುಗಿಸಿಲ್ಲ. ಇಚಾರ ಮಾಡಾಕತ್ತೇನಿ.”

“ಏನ ಇಚಾರ ಮಾಡ್ತೀರಿ? ಎಲ್ಲಾ ಒತ್ತೀರಲ್ಲ.”

“ನನ್ನ ಇಚಾರ. ನಿಮಗ್ಯಾಕ?”

ಹನ್ನೊಂದಾಯಿತು. ಪಕ್ಕದ ಕೋಣೆಯಲ್ಲಿ ಮೊದಲ ಪಾಳಿಯ ಕಂಪ್ಯೂಟರುಗಳೆಲ್ಲ ಒಮ್ಮೆಗೇ ಪೀಂ ಎಂದವು. ಅಪ್ಪಾಸಾಬನಿಗೆ ಆಗ ತಿಳಿಯಿತು. ಓಡಿ ಬಂದು ನನ್ನ ಮಣಿಕಟ್ಟು ಹಿಡಿದ. ಹಾರವನ್ನು ಕೊರಳಿಗೆ ಹಾಕಲು ಮುಟ್ಟದ ಕೈ ಅದು. ಈಗ ಗಟ್ಟಿಯಾಗಿ ಮುಟ್ಟಿತು. ನನ್ನ ಹೆಬ್ಬೆರಳನ್ನು ಎಳೆದು ಗಾಜಿನ ಮೇಲೆ ಒತ್ತಿದ.

ಮತ್ತೆ ಪ್ರಯತ್ನಿಸಿ.

ಇನ್ನೊಮ್ಮೆ ಒತ್ತಿದ. ಮತ್ತೆ ಪ್ರಯತ್ನಿಸಿ. ಸೀರೆಯ ಸೆರಗಿನಿಂದ ಬೆರಳು ಒರೆಸಿ ಒತ್ತಿದ. ಅದು ನನ್ನ ಸೆರಗು. ಮತ್ತೆ ಪ್ರಯತ್ನಿಸಿ. ಬೆವರಿನಲ್ಲಿ ಬೆರಳು ನೀರುಳ್ಳಿಯ ಸಿಪ್ಪೆಯ ಹಾಗೆ ಜಾರಿತು.

“ಸ್ನೇಹಲ, ಆ ಡಬ್ಬಿ ತಾ.”

“ಖಾಲಿ ಆಗೇತ್ರಿ ಸರ್.”

ಡಬ್ಬಿ ಕಂಪ್ಯೂಟರಿನ ಹಿಂದೆಯೇ ಇತ್ತು. ಅರ್ಧ ತುಂಬಿತ್ತು. ನಾನು ನೋಡಿದೆ. ಅವಳೂ ನೋಡಿದಳು. ಕಂಪ್ಯೂಟರನ್ನು ಸ್ವಲ್ಪ ಆ ಕಡೆ ಸರಿಸಿದಳು.

“ಬಿಸಿ ನೀರು?”

“ಕರೆಂಟ ಇಲ್ರಿ.”

ತಲೆಯ ಮೇಲೆ ಫ್ಯಾನು ತಿರುಗುತ್ತಿತ್ತು.

ನಾನು ಕೈ ಕಿತ್ತುಕೊಂಡೆ. ಎದ್ದೆ. ಅವನಿಗೆ ಹೊಡೆಯಬೇಕೆನಿಸಿತು. ಹೊಡೆಯಲಿಲ್ಲ. ಹೊಡೆದರೆ ಅದೂ ಬೇಗ ಮುಗಿದುಹೋಗುತ್ತಿತ್ತು.

“ಇಷ್ಟ ದಿನಾ ನಿಮ್ಮ ಯಂತ್ರಕ್ಕ ನನ್ನ ಹೆಬ್ಬಟ್ಟ ಬ್ಯಾಡಾಗಿತ್ತು. ಇವತ್ತ ನನ್ನ ಹೆಬ್ಬಟ್ಟಿಗೆ ನಿಮ್ಮ ಯಂತ್ರ ಬ್ಯಾಡಾಗೇತಿ.”

“ಎಲ್ಲಿ ಹೊಂಟ್ರಿ? ಟ್ರಯಲ್ ಅರ್ಧಾ ಬಿಟ್ಟ ಹ್ವಾದ್ರ ನಿಮ್ಮ ಹೆಸರ ಕಡೀತೇನಿ. ನಿಮ್ಮ ಕಾರ್ಡ ಮೊದಲ ಹೋಗತೈತಿ, ಶೇವಂತಾಬಾಯಿ. ಮರುಪರೀಕ್ಷೆಗೂ ಕುಂತಿಲ್ಲ ನೀವು.”

ಅದು ನಿಜ. ಟ್ರಯಲ್ ಮುಗಿಸದ ನಿಪುಣ ಕಾರ್ಮಿಕೆಯ ಹೆಸರು ಪರೀಕ್ಷೆಯ ಪಟ್ಟಿಗೆ ಬರುವುದಿಲ್ಲ. ಬೆಳಿಗ್ಗೆ ಮೆಟ್ಟಿಲ ಮೇಲೆ ಸ್ನೇಹಲ ಅದನ್ನೂ ಹೇಳಿದ್ದಳು.

“ಹೋಗ್ಲಿ. ಬೆರಳ ಸವದಾವ, ಕೆಲಸಾ ನಿಂದರಸ್ರಿ ಅಂತ ಡಾಕ್ಟರ್ ಬರದಾರ. ನಿಮ್ಮ ಫೈಲಿನ್ಯಾಗ ಐತಿ, ಓದ್ರಿ. ನಿಧಾನಕ ಓದ್ರಿ.”

ಪಕ್ಕದ ಕೋಣೆಯ ಮೂಲಕ ಹಾದು ಹೋಗಬೇಕು. ಅಲ್ಲಿ ಯಾರಿಗೂ ಅವಸರ ಇರಲಿಲ್ಲ. ಗಂಗಾ ಮುದುಕಿ ಹೆಬ್ಬೆರಳನ್ನು ಬಾಯಲ್ಲಿಟ್ಟು ಚೀಪಿ ಒದ್ದೆ ಮಾಡಿ ಗಾಜಿನ ಮೇಲೆ ಇಡುತ್ತಿದ್ದಳು, ತೆಗೆಯುತ್ತಿದ್ದಳು, ಮತ್ತೆ ಇಡುತ್ತಿದ್ದಳು. ಒಬ್ಬಳು ಓದುತ್ತಿದ್ದಳು, ಪಕ್ಕದವಳು ಅದನ್ನು ಮರಾಠಿಯಲ್ಲಿ ಇನ್ನೊಬ್ಬಳಿಗೆ ಹೇಳುತ್ತಿದ್ದಳು. ಸುಂದ್ರವ್ವ ಬಾಗಿಲ ಹತ್ತಿರ ಕೂತಿದ್ದಳು. ಇನ್ನೂ ಮೊದಲ ಪ್ರಶ್ನೆ. ಬೆರಳನ್ನು ಪರದೆಯ ಮೇಲೆ ಸರಿಸುತ್ತ ಓದುತ್ತಿದ್ದಳು.

“ಬೀ-ಡಿ ಸು-ತ್ತು-ವ-ವ-ರು ಅರ್ಧ ಗಂ-ಟೆ-ಗೊ-ಮ್ಮೆ ಎಷ್ಟು ನಿಮಿಷ ವಿ-ಶ್ರಾಂ-ತಿ ಪ-ಡೆ-ಯ-ಬೇ-ಕು. ಯವ್ವಾ, ಇದೇನ ಕೇಳ್ಯಾರವ್ವ ಇವ್ರು. ಶೇವಂತಾ, ಇದಕೇನ ಒತ್ತೂದ?”

“ನಿನಗ ಎಷ್ಟ ಬೇಕೋ ಅಷ್ಟ ಒತ್ತ.”

“ನೀ ಎಲ್ಲಿ ಹೊಂಟಿ? ನಿಂದ ಮುಗೀತೇನ?”

“ಮುಗಿದಿಲ್ಲ.”

“ಮತ್ತ ಹೊಂಟಿ?”

“ನೀ ಓದ, ಅಕ್ಕಾ.”

ಅವಳು ನನ್ನ ಮುಖ ನೋಡಿದಳು. ಆಮೇಲೆ ಪರದೆಯ ಮೂಲೆ ನೋಡಿದಳು. ಅಲ್ಲಿ ಅಂಕಿ ಇರಲಿಲ್ಲ. ಚಪ್ಪಲಿ ಬಿಟ್ಟು ಕಾಲು ಮಡಚಿ ಕುರ್ಚಿಯ ಮೇಲೆ ಸರಿಯಾಗಿ ಕೂತಳು, ಮನೆಯಲ್ಲಿ ಮೊರದ ಮುಂದೆ ಕೂತ ಹಾಗೆ.

ಮೆಟ್ಟಿಲು ಇಳಿದೆ. ಮೇಲಿನಿಂದ ಅಪ್ಪಾಸಾಬ ಕೂಗುತ್ತಿದ್ದ. ಹೆಬ್ಬಟ್ಟ ಒತ್ತಿ ಹೋಗ್ರಿ, ಒಂದ ಹೆಬ್ಬಟ್ಟ, ಶೇವಂತಾಬಾಯಿ, ಒಂದ ನಿಮಿಷ. ಟಯರ್ ಅಂಗಡಿಯ ಮೇಲೆ ನಾನು ಇನ್ನೂ ಟೊಪ್ಪಿಗೆ ಹಾಕಿಕೊಂಡು ನಗುತ್ತಿದ್ದೆ. ಅದರ ಕೆಳಗಿಂದ ದಾಟಿ ಹೆದ್ದಾರಿಗೆ ಬಂದೆ. ಲಾರಿಗಳು ಓಡುತ್ತಿದ್ದವು. ಕಾಲು ಓಡಲು ನೋಡಿತು. ಓಡಿಸಲಿಲ್ಲ. ಎರಡು ಲಾರಿ ಹೋಗಲು ಬಿಟ್ಟೆ, ಮೂರನೆಯದನ್ನೂ ಬಿಟ್ಟೆ. ಆಮೇಲೆ ದಾಟಿದೆ.

ತಿರುಗಿ ಹೋಗಲಿಲ್ಲ.